ಅಂಗಡಿಯೇ ಪಾಠಶಾಲೆ, ಅಪ್ಪನೇ ಮಾಸ್ತರ

ಗದಗ-ಬೆಟಗೇರಿಯ ಹಳೆಯ ಪೇಟೆಯಲ್ಲಿ ಅಂಗಡಿಗಳ ಬೋರ್ಡು ಓದುತ್ತ ಹೋದರೆ ವಂಶಾವಳಿಯನ್ನು ಓದಿದಂತಾಗುತ್ತದೆ. ಮೊದಲು ಅಜ್ಜನ ಹೆಸರು, ಅದರ ಬೆನ್ನಿಗೆ ಮುತ್ತಜ್ಜನದು, ಆಮೇಲೆ ಅಡ್ಡಹೆಸರು. ಕೊನೆಗೆ ‘ಆಂಡ್ ಸನ್ಸ್’ ಅಥವಾ ‘ಬ್ರದರ್ಸ್’. ಒಳಗೆ ಗಾದಿಯ ಮೇಲೆ ಕೂತವರು ಮೂರನೆಯ ತಲೆಮಾರಿನವರಿದ್ದಾರು, ನಾಲ್ಕನೆಯವರೂ ಇದ್ದಾರು. ಆದರೂ ಬೋರ್ಡಿನ ಹೆಸರು ಬದಲಿಸುವ ಯೋಚನೆಯನ್ನು ಯಾರೂ ಮಾಡುವುದಿಲ್ಲ. ಏಕೆಂದರೆ ಪತ್ತು ಇರುವುದು ಆ ಹೆಸರಿಗೆ. ಮಾಲು ಉದ್ರಿ ಸಿಗುವುದು, ಕೈಗಡ ಹುಟ್ಟುವುದು, ರೈತ ತನ್ನ ಚೀಲಗಳನ್ನು ಇಳಿಸಿ ನಿಶ್ಚಿಂತೆಯಿಂದ ಊಟಕ್ಕೆ ಹೋಗುವುದು ಎಲ್ಲ ಆ ಹೆಸರಿನ ಮೇಲೆಯೇ.

ಇಂಥ ಮನೆಗಳಲ್ಲಿ ಈಗ ಒಂದು ಚರ್ಚೆ ನಡೆದಿದೆ. ಮಗ ಬಿ.ಕಾಂ. ಮುಗಿಸಿ ಬೆಂಗಳೂರಿನ ಕಡೆ ನೋಡುತ್ತಾನೆ. ಮಗಳು ಲೆಕ್ಕಪರಿಶೋಧಕರ ಪರೀಕ್ಷೆಗೆ ಕೂಡುತ್ತೇನೆಂದು ಹಟ ಹಿಡಿಯುತ್ತಾಳೆ. ಅಂಗಡಿ ಮುಂದೆ ಯಾರದು ಎಂಬುದು ತಂದೆಯ ಚಿಂತೆ. ಈ ಚರ್ಚೆಯಲ್ಲಿ ಆಸ್ತಿಯ ಮಾತು ಬರುತ್ತದೆ, ಜಾಗದ ಬೆಲೆಯ ಮಾತು ಬರುತ್ತದೆ. ಅಂಗಡಿಯಲ್ಲಿ ಕೂಡಿಬಿದ್ದಿರುವ ಇನ್ನೊಂದು ಸಂಪತ್ತಿನ ಮಾತು ಮಾತ್ರ ಅಪರೂಪ. ಅದು ವ್ಯಾಪಾರದ ಅರಿವು. ಈ ಸೀಮೆಯಲ್ಲಿ ಆ ಅರಿವಿಗೆ ಸಾವಿರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ.

ಕಲ್ಲಿನಲ್ಲಿ ಕಂಡ ಸೆಟ್ಟರು

ಮುಂಡರಗಿ ತಾಲೂಕಿನ ಡಂಬಳಕ್ಕೆ ಹೋದವರು ದೊಡ್ಡಬಸಪ್ಪನ ಗುಡಿಯ ನಕ್ಷತ್ರಾಕಾರ ನೋಡಿ ಬೆರಗಾಗಿ ಬರುತ್ತಾರೆ. ಅದೇ ಊರಿನ ಒಂದು ಶಾಸನ ವ್ಯಾಪಾರದ ವಿದ್ಯಾರ್ಥಿಗಳಿಗೆ ಅದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ, ಕ್ರಿ.ಶ. 1095ರ ಸುಮಾರಿನ ಈ ಶಾಸನದಲ್ಲಿ ಊರಿನ ಹೆಸರು ಧರ್ಮವೊಳಲ್. ಅಲ್ಲಿ ಹದಿನಾರು ಮಂದಿ ಸೆಟ್ಟರು ಕೂಡಿ ಬೌದ್ಧ ವಿಹಾರವೊಂದನ್ನು ಕಟ್ಟಿಸಿದ್ದರು. ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ ಸಂಗವಯ್ಯ ಸೆಟ್ಟಿಯ ಹೆಸರೂ ತಾರಾದೇವಿಯ ವಿಹಾರದೊಡನೆ ಅಲ್ಲಿ ಬರುತ್ತದೆ. ಹದಿನಾರು ಜನ ಒಂದು ಕೆಲಸಕ್ಕೆ ಹಣ ಕೂಡಿಸುವುದೆಂದರೆ ಹದಿನಾರು ಜನರ ನಡುವೆ ಲೆಕ್ಕವಿದೆ, ನಂಬಿಕೆಯಿದೆ, ಲೆಕ್ಕ ಕೇಳುವ ಹಕ್ಕಿದೆ ಎಂದೇ ಅರ್ಥ. ಲಕ್ಕುಂಡಿಯ ಹೆಸರು ಹೊತ್ತ ಲೊಕ್ಕಿ ಗದ್ಯಾಣವೆಂಬ ಹೊನ್ನಿನ ನಾಣ್ಯ ಆಗ ಚಲಾವಣೆಯಲ್ಲಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು.

ಇದಕ್ಕಿಂತ ಹಳೆಯದು ಲಕ್ಷ್ಮೇಶ್ವರದ ಕಂಬದ ಶಾಸನ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಸುಮಾರು ಕ್ರಿ.ಶ. 725ರಲ್ಲಿ ಪೊರಿಗೆರೆಯ ಮಹಾಜನರಿಗೆ, ನಗರದವರಿಗೆ ಮತ್ತು ಹದಿನೆಂಟು ಪ್ರಕೃತಿಗಳಿಗೆ ಹಾಕಿಕೊಟ್ಟ ಆಚಾರವ್ಯವಸ್ಥೆ ಅದು. ಅನುಕೂಲಸ್ಥ ಮನೆಗೆ ಹೆಚ್ಚು, ಬಡ ಮನೆಗೆ ಕಡಿಮೆ ಎಂದು ತೆರಿಗೆಯನ್ನು ಮನೆಯ ಶಕ್ತಿ ನೋಡಿ ಹಂಚಿದ್ದಾರೆ. ಕಸುಬಿನವರ ಸಂಘದ ಪ್ರಸ್ತಾಪವೂ ಅದರಲ್ಲಿ ಉಂಟು. ಲೆಕ್ಕದ ಘಟಕ ಒಬ್ಬ ವ್ಯಕ್ತಿಯಲ್ಲ, ಒಂದು ಮನೆ ಎಂಬುದು ಗಮನಿಸತಕ್ಕ ಅಂಶ.

ಆ ಕಾಲದ ದೊಡ್ಡ ವ್ಯಾಪಾರಿ ಸಂಘಟನೆ ಅಯ್ಯಾವೊಳೆ ಐನೂರ್ವರದು. ಐಹೊಳೆಯ ಹೆಸರು ಹೊತ್ತ ಈ ಐನೂರು ಸ್ವಾಮಿಗಳ ಸಂಘ ಕನ್ನಡ ನಾಡು ದಾಟಿ ತಮಿಳು ನಾಡಿಗೆ, ಸಮುದ್ರದಾಚೆಗೆ ಹಬ್ಬಿತ್ತು. ಇವರೆಲ್ಲ ಒಂದೇ ರಕ್ತದವರಲ್ಲ, ಒಂದೇ ಮತದವರೂ ಅಲ್ಲ. ಆದರೂ ತಮ್ಮ ಕಟ್ಟಳೆಯನ್ನು ಅವರು ‘ವೀರಬಣಂಜು ಧರ್ಮ’ ಎಂದು ಕರೆದುಕೊಂಡರು. ದೂರದ ಊರಿನಲ್ಲಿ ಗುರುತಿಲ್ಲದವನಿಗೆ ಮಾಲು ಒಪ್ಪಿಸಬೇಕಾದರೆ ಅವನು ಅಣ್ಣನೋ ತಮ್ಮನೋ ಆಗಿರಬೇಕು, ಇಲ್ಲವೇ ಅಣ್ಣತಮ್ಮಂದಿರಂತೆ ಕಟ್ಟಿಹಾಕುವ ಒಂದು ಕಟ್ಟಳೆ ಇರಬೇಕು. ಐನೂರ್ವರು ಎರಡನೆಯ ದಾರಿ ಹಿಡಿದರು.

ಈ ಎರಡೂ ಇಲ್ಲದೆ ಒಂಟಿಯಾಗಿ ಬಂದ ವ್ಯಾಪಾರಿಯ ಕಥೆಯೂ ನಮ್ಮ ನಾಡಿನಲ್ಲೇ ನಡೆದಿದೆ. ರಷ್ಯದ ತ್ವೆರ್ ನಗರದ ಅಫನಾಸಿ ನಿಕಿತಿನ್ ದಾರಿಯಲ್ಲಿ ಅಸ್ತ್ರಾಖಾನ್ ಹತ್ತಿರ ದರೋಡೆಗೆ ಸಿಕ್ಕು, ಬರಿಗೈಲಿ ಊರಿಗೆ ಮರಳಿದರೆ ಸಾಲಗಾರರ ಕಾಟವೆಂದು ಪರ್ಷಿಯದ ಮೂಲಕ ಮುಂದೆ ಸಾಗಿದ. 1469ರ ಸುಮಾರಿಗೆ ಒಂದು ಕುದುರೆಯೊಂದಿಗೆ ಪಶ್ಚಿಮ ಕರಾವಳಿಯಲ್ಲಿ ಇಳಿದ. ಜುನ್ನರಿನ ಅಧಿಕಾರಿ ಕುದುರೆಯನ್ನು ಕಿತ್ತುಕೊಂಡ. ಮತಾಂತರವಾಗೆಂದು ಒತ್ತಾಯಿಸಿದ. ಖುರಾಸಾನಿನವನೊಬ್ಬನ ಶಿಫಾರಸಿನಿಂದ ಮಾತ್ರ ಅದು ಮರಳಿ ಸಿಕ್ಕಿತು. ಬಹಮನಿಗಳ ಬೀದರಿನಲ್ಲಿ ಬಹುಕಾಲ ಕಳೆದ ಆತನಿಗೆ ತನ್ನ ದೇಶಕ್ಕೆ ಒಯ್ಯಬಹುದಾದ ಲಾಭದ ಸರಕು ಕಾಣಲಿಲ್ಲ. ಊರು ಮುಟ್ಟುವ ಮೊದಲೇ ಸ್ಮೊಲೆನ್ಸ್ಕ್ ಬಳಿ ತೀರಿಕೊಂಡ. ಅವನ ಪ್ರವಾಸ ಟಿಪ್ಪಣಿಗಳು ಇಂದು ಬೀದರಿನ ಇತಿಹಾಸಕ್ಕೆ ಅಮೂಲ್ಯ ಆಕರ. ವ್ಯಾಪಾರವೆಂದು ನೋಡಿದರೆ ಮಾತ್ರ ಅದು ಪೂರಾ ನಷ್ಟದ ಬಾಬತ್ತು. ಯಾವ ಊರಿನಲ್ಲಿ ಯಾವ ಸರಕಿಗೆ ಬೇಡಿಕೆ ಎಂದು ಮೊದಲೇ ಕಾಗದ ಬರೆದು ತಿಳಿಸುವ ಒಬ್ಬ ದಾಯಾದಿಯೂ ಅವನಿಗೆ ಮುಂದಿನ ಪೇಟೆಯಲ್ಲಿರಲಿಲ್ಲ!

ಮಿತಾಕ್ಷರದ ಕೂಡುಮನೆ

ಡಂಬಳದ ಶಾಸನದ ಕಾಲದ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿಯೇ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ‘ಮಿತಾಕ್ಷರ’ವನ್ನು ಬರೆದ. ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ಈ ವ್ಯಾಖ್ಯಾನ ಬಂಗಾಳ ಮೊದಲಾದ ಕಡೆ ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯ ಕಾನೂನಾಯಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು, ಮನೆತನದ ಹಿರಿಯ ಕರ್ತೃವಾಗಿ ವ್ಯವಹಾರ ನಡೆಸುವುದು, ತಂದೆ ಮಾಡಿದ ನ್ಯಾಯವಾದ ಸಾಲವನ್ನು ತೀರಿಸುವುದು ಮಗನ ಧರ್ಮ ಎಂಬವು ಅದರ ಆಧಾರದ ಮೇಲೆ ಬೆಳೆದ ನಿಯಮಗಳು. ಮೋಜು, ಜೂಜಿನ ಸಾಲ ಮಗನಿಗೆ ಅಂಟುವುದಿಲ್ಲ.

ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಸಾಲ ಕೊಡುವವನ ಎದುರು ಕೂತವನು ಒಬ್ಬನೇ ಆದರೂ ಅವನ ಬೆನ್ನಿಗೆ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಬ್ಯಾಂಕು ಇಲ್ಲದ ಕಾಲದಲ್ಲಿ ಕೂಡುಮನೆಯೇ ಬ್ಯಾಂಕು, ಕೂಡುಮನೆಯೇ ಜಾಮೀನು. ಮದುವೆಯ ಸಂಬಂಧವೂ ಪೇಟೆಯ ನಕ್ಷೆ ನೋಡಿಯೇ ಕೂಡುತ್ತಿತ್ತೆಂದರೆ ಅತಿಶಯೋಕ್ತಿಯಾಗಲಾರದು. ಬೀಗರು ಇನ್ನೊಂದು ಪೇಟೆಯಲ್ಲಿದ್ದರೆ ಅಲ್ಲಿನ ದರ ತಿಳಿಯುತ್ತದೆ, ಅಲ್ಲಿನ ಬಾಕಿ ವಸೂಲಾಗುತ್ತದೆ.

ಈ ನಾಲ್ಕು ಊರುಗಳ ಮಟ್ಟಿಗಂತೂ ಅದು ಅನಿವಾರ್ಯವೇ ಆಗಿತ್ತು. ಇಂದು ಗದಗಿನಿಂದ ಒಂದೆರಡು ಗಂಟೆಯೊಳಗೆ ಮುಟ್ಟುವ ಊರುಗಳಿವು. ಆದರೆ 1948ರವರೆಗೆ ಗದಗ, ಮುಂಡರಗಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯವು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಹಿರಿಯ ಮಿರಜ ಸಂಸ್ಥಾನದ್ದು. ನಾಲ್ಕು ಪೇಟೆ, ಮೂರು ಸರಕಾರ! ಲಕ್ಷ್ಮೇಶ್ವರದ ಬಾಕಿದಾರನ ಮೇಲೆ ಗದಗಿನ ಕೋರ್ಟಿನಲ್ಲಿ ದಾವೆ ಹೂಡಿ ಗೆದ್ದರೂ ಹಣ ಕೈಸೇರುವುದು ಸುಲಭವಲ್ಲ. ಅಂಥಲ್ಲಿ ಕೋರ್ಟಿನ ಹುಕುಮಿಗಿಂತ ಸೋದರಮಾವನ ಒಂದು ಮಾತೇ ಬೇಗ ಕೆಲಸ ಮಾಡುತ್ತಿತ್ತು.

ಹತ್ತಿ ಕಲಿಸಿದ ಪಾಠ

ಗದಗಿನ ಪೇಟೆ ಬೆಳೆದದ್ದು ಹತ್ತಿಯಿಂದ. 1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ಧಾರವಾಡ ಸೀಮೆಯ ಕಪ್ಪು ನೆಲಕ್ಕೆ ಬಂತು. ‘ಧಾರವಾಡ-ಅಮೆರಿಕನ್’ ಎಂದು ಅದಕ್ಕೆ ಹೆಸರಾಯಿತು. ನಾಡ ತಳಿಗೆ ‘ಕುಮಟಾ’ ಎಂಬ ಹೆಸರು. ಅದು ಕುಮಟೆಯಲ್ಲಿ ಬೆಳೆದ ಹತ್ತಿಯಲ್ಲ, ಕುಮಟಾ ಬಂದರಿನಿಂದ ಹಡಗೇರುತ್ತಿದ್ದ ಹತ್ತಿ ಅಷ್ಟೇ. ಎತ್ತಿನ ಹೇರಿನ ಮೇಲೆ, ಬಂಡಿಗಳ ಮೇಲೆ ಘಟ್ಟ ಇಳಿದು ಮುಂಬಯಿಗೆ ಹೋಗುತ್ತಿದ್ದ ಅರಳೆ, ದಾರಿಯಲ್ಲಿ ಎಷ್ಟು ಕೈ ದಾಟುತ್ತದೋ ಅಷ್ಟು ಕಡೆ ನಂಬಿಕೆಯ ಮನುಷ್ಯ ಬೇಕು. ಅಣ್ಣ ಗದಗಿನಲ್ಲಿ ಖರೀದಿಗೆ, ತಮ್ಮ ಬಂದರಿನಲ್ಲಿ, ಮುಂಬಯಿಯಲ್ಲಿ ಒಬ್ಬ ಬೀಗ ಅಥವಾ ಪರಿಚಯದ ಪೇಢಿ ಎಂಬ ಏರ್ಪಾಡಿಗೆ ಇದೇ ಕಾರಣ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ದರ ಗಗನಕ್ಕೇರಿತು. ಆಸೆಯೂ ಏರಿತು. ಎರಡು ತಳಿ ಬೆರೆಸುವುದು, ಬೀಜ, ಮಣ್ಣು ಸೇರಿಸಿ ತೂಕ ಹೆಚ್ಚಿಸುವುದು ಎಷ್ಟರಮಟ್ಟಿಗೆ ಹೋಯಿತೆಂದರೆ ಮುಂಬಯಿ ಸರಕಾರ 1863ರಲ್ಲಿ ಹತ್ತಿ ವಂಚನೆ ತಡೆಗೆಂದೇ ಒಂದು ಕಾಯಿದೆ ಮಾಡಬೇಕಾಯಿತು. ವ್ಯಾಪಾರಿ ಮನೆತನಗಳ ಗುಣಗಾನ ಮಾಡುವವರು ಈ ಪುಟವನ್ನು ಹಾರಿಸಿಬಿಡುತ್ತಾರೆ. ಹಾರಿಸಬಾರದು. ಬೆರಕೆ ಗುರುತಿಸುವ ಕಣ್ಣು, ಬೆರಕೆ ಮಾಡುವ ಕೈ ಎರಡೂ ಒಂದೇ ಪೇಟೆಯಲ್ಲಿ ತಯಾರಾದವು. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೇಲ್ವೆ ಗದಗಿಗೆ ಬಂದು, ಇದು ಹುಬ್ಬಳ್ಳಿ, ಹೊಸಪೇಟೆ, ಹೋಟಗಿ ದಾರಿಗಳು ಕೂಡುವ ಜಂಕ್ಷನ್ ಆಯಿತು. ಕುಮಟೆಯ ದಾರಿ ಸೊರಗಿತು. ಜಿನ್ನಿಂಗ್ ಕಾರಖಾನೆಗಳು ಎದ್ದವು. ಸ್ಥಳೀಯ ಮನೆತನಗಳ ಪಕ್ಕದಲ್ಲಿ ಗುಜರಾತಿ, ಮಾರವಾಡಿ ವ್ಯಾಪಾರಿಗಳೂ ನೆಲೆಯೂರಿದರು.

ಹಳೆಯ ಅಡತಿ ಅಂಗಡಿಗೆ ಸೇರಿದ ಹುಡುಗನ ವಿದ್ಯಾಭ್ಯಾಸ ಕಸ ಹೊಡೆಯುವುದರಿಂದ ಸುರುವಾಗುತ್ತಿತ್ತು. ಸಾವಕಾರನ ಮಗನಾದರೂ ಅಷ್ಟೇ, ಗುಮಾಸ್ತನ ಅಳಿಯನಾದರೂ ಅಷ್ಟೇ. ಆಮೇಲೆ ತಕ್ಕಡಿಯ ಹತ್ತಿರ ನಿಲ್ಲುವುದು. ಆಮೇಲೆ ಮಾದರಿ ಹಿಡಿದುಕೊಂಡು ಖರೀದಿದಾರನ ಕಡೆ ಓಡುವುದು. ‘ತಮ್ಮಾ, ಮೊದ್ಲ ಕೈಯಾಗ ಹಿಡದು ನೋಡು, ಆಮ್ಯಾಲ ರೇಟ ಮಾತಾಡು’ ಎಂಬುದು ಹಿರಿಯರ ವರಸೆ. ಹತ್ತಿಯ ಎಳೆಯನ್ನು ಎರಡು ಕೈಗಳ ಹೆಬ್ಬೆರಳು, ತೋರುಬೆರಳುಗಳ ನಡುವೆ ಎಳೆದೆಳೆದು ಜೋಡಿಸಿ ಅದರ ಉದ್ದ, ಬಲ ಅಳೆಯುವುದು, ಶೇಂಗಾಕಾಳನ್ನು ಹಲ್ಲಿನಲ್ಲಿ ಕಡಿದು ಹಸಿಯೋ ಒಣಗಿದ್ದೋ ಹೇಳುವುದು, ಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಸಪ್ಪಳ ಕೇಳುವುದು ಯಾವ ಪುಸ್ತಕದಲ್ಲೂ ಬರೆದು ಕಲಿಸುವ ವಿದ್ಯೆಯಲ್ಲ.

ಬಾಯಿಲೆಕ್ಕದ ಕಥೆಯೇ ಬೇರೆ. ಹದಿನಾರು ಆಣೆಗೆ ರೂಪಾಯಿ, ಹನ್ನೆರಡು ಪೈಗೆ ಆಣೆ. ತೂಕಕ್ಕೆ ಸೇರು, ಮಣ, ಖಂಡಿ. ಎರಡನ್ನೂ ಗುಣಿಸಿ ಒಂದು ಚೀಲದ ಬೆಲೆ ಹೇಳಬೇಕಾದರೆ ಪೂರ್ಣಾಂಕದ ಮಗ್ಗಿ ಸಾಲದು. ಪಾವಕಿ, ನಿಮಕಿ, ಸವಾಯಕಿ, ದೀಡಕಿ ಎಂಬ ಕಾಲು, ಅರ್ಧ, ಒಂದೂಕಾಲು, ಒಂದೂವರೆಯ ಮಗ್ಗಿಗಳು ನಾಲಗೆಯ ತುದಿಯಲ್ಲಿರಬೇಕು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು, 1958ರಿಂದ ಹಂತಹಂತವಾಗಿ ಮೆಟ್ರಿಕ್ ತೂಕ ಬಂತು. ಕೆಲವೇ ವರ್ಷಗಳಲ್ಲಿ ಈ ಮಗ್ಗಿಗಳು ಅಜ್ಜಂದಿರ ಸೊತ್ತಾಗಿ ಉಳಿದವು.

ಎಲ್ಲಕ್ಕಿಂತ ಕೊನೆಗೆ ಕಿರ್ದಿ-ಖತಾವಣಿ. ದಿನದ ಜಮಾ-ಖರ್ಚು ರೋಜಕಿರ್ದಿಯಲ್ಲಿ, ಅಲ್ಲಿಂದ ಒಬ್ಬೊಬ್ಬರ ಖಾತೆಗೆ. ರಾತ್ರಿ ಶಿಲ್ಕು ತಾಳೆಯಾಗದೆ ಬಾಗಿಲು ಹಾಕುವಂತಿಲ್ಲ. ಕಾಲೇಜಿನಲ್ಲಿ ಕಲಿಸುವ ಜೋಡಿನಮೂದು ಪದ್ಧತಿಯ ತತ್ತ್ವ ಇದರಲ್ಲಿ ಬಹುಮಟ್ಟಿಗೆ ಅಡಗಿದೆ. ಹೊಸ ಪುಸ್ತಕದ ಪೂಜೆ ದೀಪಾವಳಿಗೆ.

ಹುಂಡಿ ಬರೆಯುವ ಅಧಿಕಾರ ಹುಡುಗನಿಗೆ ಸಿಕ್ಕಿತೆಂದರೆ ಅವನು ಮನುಷ್ಯನಾದನೆಂದೇ ಲೆಕ್ಕ. ಗದಗಿನಲ್ಲಿ ಹಣ ಕಟ್ಟಿ ಮುಂಬಯಿಯಲ್ಲಿ ಪಡೆಯುವ ಈ ಕಾಗದದಲ್ಲಿ ಕಂಡ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ, ಗಡುವು ಇದ್ದದ್ದು ಮುದ್ದತಿ. ಮೊತ್ತವನ್ನು ತಿದ್ದಲಾಗದಂತೆ ಬರೆಯುವ ಪದ್ಧತಿ ಬಹಳ ಸೊಗಸಿನದು. ರೂಪಾಯಿ ನೂರು, ಅದರ ಅರ್ಧ ಐವತ್ತು, ಐವತ್ತರ ಇಮ್ಮಡಿ ನೂರು ಎಂದು ಬರೆಯುತ್ತಿದ್ದರು. ಕಾಗದ ಕಳೆದುಹೋದರೆ ‘ಪೇಠ’ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ‘ಪರಪೇಠ’. 1881ರ ವರ್ಗಾವಣೀಯ ಪತ್ರಗಳ ಕಾಯಿದೆಯೂ ಹುಂಡಿಯ ಸ್ಥಳೀಯ ರೂಢಿಯನ್ನು ಹಾಗೆಯೇ ಬಿಟ್ಟುಕೊಟ್ಟಿತು. ಮುಂಬಯಿಯ ಪೇಢಿ ಆ ಹುಂಡಿಯನ್ನು ಸಕಾರಿಸುತ್ತಿದ್ದುದು ಕಾಗದ ನೋಡಿ ಅಲ್ಲ, ಕೆಳಗಿನ ಮನೆತನದ ಹೆಸರು ನೋಡಿ.

ರುಮಾಲಿನ ಕೆಳಗಿನ ಬೆರಳು

ಮನೆತನದ ಗುಟ್ಟು ಮನೆತನಕ್ಕೆ ಲಾಭ, ಹೊರಗಿನವನಿಗೆ ನಷ್ಟ. ಮುಂಬಯಿ ಪ್ರಾಂತ್ಯದ ಹತ್ತಿ ಪೇಟೆಗಳಲ್ಲಿ ದಲಾಲ ಮತ್ತು ಖರೀದಿದಾರ ರುಮಾಲಿನ ಕೆಳಗೆ ಬೆರಳು ಮುಟ್ಟಿ ದರ ಕುದುರಿಸುತ್ತಿದ್ದರು. ಮಾಲಿನ ಒಡೆಯನಾದ ರೈತ ಎದುರಿಗೇ ನಿಂತಿದ್ದರೂ ಅವನಿಗೆ ಕಾಣುವುದು ರುಮಾಲು ಮಾತ್ರ. ಅದರ ಮೇಲೆ ತೂಕದಲ್ಲಿ ಸೂಟು, ಹಮಾಲಿ, ಧರ್ಮಾದಾಯ ಎಂಬ ಕಡಿತಗಳು. ಬಿತ್ತುವಾಗ ಸಾಲ ಕೊಟ್ಟ ಅಂಗಡಿಗೇ ಸುಗ್ಗಿಯ ಮಾಲು ಹಾಕಬೇಕೆಂಬ ಅಲಿಖಿತ ಕರಾರು. ರೈತನ ಮೂರು ತಲೆಮಾರು ಬಲ್ಲ ಅಡತಿಗಾರನ ಅರಿವು ಕಷ್ಟಕಾಲದಲ್ಲಿ ಕೈಹಿಡಿದದ್ದೂ ಉಂಟು, ಕೊರಳಿಗೆ ಉರುಲಾದದ್ದೂ ಉಂಟು.

ಇದಕ್ಕೆ ಉತ್ತರವೂ ಇದೇ ನೆಲದಲ್ಲಿ ಹುಟ್ಟಿತೆಂಬುದು ಹೆಮ್ಮೆಯ ಸಂಗತಿ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ದೇಶದ ಸಹಕಾರಿ ಇತಿಹಾಸ ಬರೆಯುವವರು ಆ ಊರಿನಿಂದಲೇ ಆರಂಭಿಸುವುದು ವಾಡಿಕೆ. ‘ಪತ್ತು’ ಎಂಬ ಶಬ್ದವನ್ನೇ ಗಮನಿಸಿರಿ. ಅಂಗಡಿಯ ಬೋರ್ಡಿನಲ್ಲಿದ್ದ ಪತ್ತು ಊರಿನ ಸಂಘಕ್ಕೆ ಬಂತು. 1917ರಲ್ಲಿ ಗದಗಿನಲ್ಲಿ ಹತ್ತಿ ಮಾರಾಟ ಸಹಕಾರಿ ಸಂಘ ಆರಂಭವಾಯಿತು. ಸುಧಾರಿತ ಹತ್ತಿಯನ್ನು ದರ್ಜೆ ಮಾಡಿ ಬಹಿರಂಗ ಹರಾಜಿನಲ್ಲಿ ಮಾರುವುದು ಅದರ ಕ್ರಮ. ಮುಂದೆ ಹುಲಕೋಟಿಯ ಕೆ.ಎಚ್. ಪಾಟೀಲರ ಕಾಲದಲ್ಲಿ ಸಹಕಾರಿ ನೂಲಿನ ಗಿರಣಿಯೇ ಎದ್ದಿತು. 1939ರ ಮುಂಬಯಿ ಕಾಯಿದೆ, 1966ರ ಕರ್ನಾಟಕ ಕೃಷಿ ಮಾರುಕಟ್ಟೆ ಕಾಯಿದೆಗಳು ರುಮಾಲನ್ನು ಸರಿಸಿದವು. 2014ರಲ್ಲಿ ರಾಜ್ಯ ತಂದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ಬೆರಳು ಒತ್ತುವುದು ಕಂಪ್ಯೂಟರಿನ ಗುಂಡಿಯ ಮೇಲೆ.

ಮೊರೋಜೋವರ ಮನೆ

ಕುಟುಂಬವೂ ಹತ್ತಿಯೂ ಕೂಡಿದ ಇನ್ನೊಂದು ಕಥೆಗಾಗಿ ಮತ್ತೆ ರಷ್ಯಕ್ಕೆ ಹೋಗಬೇಕು. ಮಾಸ್ಕೋ ಹತ್ತಿರದ ಜೂಯೆವೊ ಹಳ್ಳಿಯ ಸವ್ವಾ ಮೊರೋಜೋವ್ ಜೀತದಾಳು, ಕಸುಬಿನಿಂದ ನೇಕಾರ. ನೇಯ್ದ ರಿಬ್ಬನ್ನು ಮಾರಿ ಕೂಡಿಸಿದ ಹಣದಿಂದ 1820ರಲ್ಲಿ ತನ್ನ ಸ್ವಾತಂತ್ರ್ಯವನ್ನು ಒಡೆಯನಿಂದ ಕೊಂಡುಕೊಂಡ. ಅವನ ಮಕ್ಕಳ ಕಾಲಕ್ಕೆ ಮನೆತನ ನಾಲ್ಕು ಶಾಖೆಗಳಾಗಿ ನಾಲ್ಕು ದೊಡ್ಡ ಬಟ್ಟೆ ಗಿರಣಿಗಳ ಒಡೆತನ ಪಡೆಯಿತು. ಅಮೆರಿಕದ ಯುದ್ಧ ಗದಗಿನ ದರ ಏರಿಸಿದ ವರ್ಷಗಳಲ್ಲೇ ರಷ್ಯದ ಗಿರಣಿಗಳು ಹತ್ತಿಯಿಲ್ಲದೆ ಒದ್ದಾಡಿದವು. ಮೊರೋಜೋವರು ‘ಹಳೆಯ ಶ್ರದ್ಧೆ’ಯ ಪಂಥದವರು. ಸರಕಾರದ ಮತ್ತು ಅಧಿಕೃತ ಚರ್ಚಿನ ಕಿರುಕುಳ ಉಂಡ ಆ ಸಮುದಾಯದಲ್ಲಿ ಸಾಲ, ಕೆಲಸ, ಮದುವೆ ಎಲ್ಲ ಒಳಗೊಳಗೇ ನಡೆಯುತ್ತಿದ್ದವು.

ವ್ಯತ್ಯಾಸವಿರುವುದು ಹೆಣ್ಣುಮಕ್ಕಳ ವಿಷಯದಲ್ಲಿ. ರಷ್ಯದ ಕಾನೂನು ಮದುವೆಯಾದ ಹೆಂಗಸಿನ ಆಸ್ತಿಯನ್ನು 18ನೇ ಶತಮಾನದಿಂದಲೇ ಅವಳದೆಂದು ಒಪ್ಪಿತ್ತು. ಹತ್ತಿ ವ್ಯಾಪಾರಿ ಖ್ಲುದೋವ್ ಮನೆಯ ಮಗಳು ವರ್ವಾರಾ ಮೊರೋಜೋವ್ ಮನೆಗೆ ಸೊಸೆಯಾಗಿ ಬಂದಳು. 1882ರಲ್ಲಿ ಗಂಡ ತೀರಿದ ಮೇಲೆ ತ್ವೆರ್ ಗಿರಣಿಯ ಆಡಳಿತ ಹಿಡಿದಳು. ನಿಕಿತಿನ್ ಹುಟ್ಟಿದ್ದೂ ಅದೇ ತ್ವೆರ್ ಊರಿನಲ್ಲಿ! ಇನ್ನೊಂದು ಶಾಖೆಯಲ್ಲಿ ಮರಿಯಾ ಮೊರೋಜೋವಾ ಎಂಬ ವಿಧವೆ ಎಷ್ಟು ಗಟ್ಟಿಗಿತ್ತಿಯೆಂದರೆ 1905ರಲ್ಲಿ ಸ್ವಂತ ಮಗನನ್ನೇ ಗಿರಣಿಯ ಆಡಳಿತದಿಂದ ಕೆಳಗಿಳಿಸಿದಳು. 1917ರ ಕ್ರಾಂತಿಯ ನಂತರ ಗಿರಣಿಗಳೆಲ್ಲ ಸರಕಾರದ ಪಾಲಾದವು.

ನಮ್ಮಲ್ಲಿ ಮಿತಾಕ್ಷರದ ಕೂಡುಮನೆಯಲ್ಲಿ ಮಗಳಿಗೆ ಹುಟ್ಟಿನ ಹಕ್ಕು ಇರಲಿಲ್ಲ. ಕರ್ನಾಟಕ 1994ರ ತಿದ್ದುಪಡಿಯಿಂದ, ಕೇಂದ್ರ 2005ರ ತಿದ್ದುಪಡಿಯಿಂದ ಅದನ್ನು ಕೊಟ್ಟವು. ತಂದೆಯ ಸಾಲಕ್ಕೆ ಮಗ ಧರ್ಮಬದ್ಧನೆಂಬ ಹಳೆಯ ನಿಯಮವನ್ನೂ 2005ರ ಕಾಯಿದೆ ಮುಂದಿನ ಸಾಲಗಳ ಮಟ್ಟಿಗೆ ತೆಗೆದುಹಾಕಿತು. ತಂದೆ 2005ರಲ್ಲಿ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಹಕ್ಕು ಕಾಗದದ ಮೇಲೆ ಬಂದಿದೆ. ಗಾದಿಯ ಪಕ್ಕದಲ್ಲಿ ಕೂತು ಕಲಿಯುವ ಅವಕಾಶವನ್ನು ಮನೆಯವರೇ ಕೊಡಬೇಕು. ಹತ್ತು ವರ್ಷದ ಮಗ ಸುಗ್ಗಿಯಲ್ಲಿ ಅಂಗಡಿಗೆ ಬರುತ್ತಾನೆ. ಹತ್ತು ವರ್ಷದ ಮಗಳು ಬರುವುದು ಲಕ್ಷ್ಮೀಪೂಜೆಯ ಸಂಜೆ ಮಾತ್ರ ಎಂಬ ರೂಢಿ ಎಷ್ಟೋ ಮನೆಗಳಲ್ಲಿ ಇನ್ನೂ ಉಂಟು.

ಮನೆಯ ಕಸುಬನ್ನೇ ಮಾಡಬೇಕೆಂಬ ನಿಯಮವೂ ಇಲ್ಲ. ಗದಗಿನ ಮುದ್ರಣ, ಪ್ರಕಾಶನದ ಮನೆತನದಲ್ಲಿ 1950ರಲ್ಲಿ ಹುಟ್ಟಿದ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಸಾಗಣೆ ವ್ಯಾಪಾರಕ್ಕಿಳಿದರು. ಅವರ ವಿ.ಆರ್.ಎಲ್. ಸಂಸ್ಥೆ 2015ರಲ್ಲಿ ಶೇರು ಪೇಟೆ ಸೇರಿತು. ಮಗ ಆನಂದ ಸಂಕೇಶ್ವರ ಅದರ ವ್ಯವಸ್ಥಾಪಕ ನಿರ್ದೇಶಕರಾದರು. ಕಸುಬು ಬದಲಾಯಿತು. ಅಪ್ಪನ ಜೊತೆ ಮಗ ಕೂಡುವುದು ಬದಲಾಗಲಿಲ್ಲ. ಬೇರೆ ಬೇರೆ ಪೇಟೆಗಳಿಗೆ ಮಾಲು ಮುಟ್ಟಿಸುವ ಕೆಲಸ ಐನೂರ್ವರ ಕಾಲದಿಂದ ಇದ್ದದ್ದೇ.

ಇಂಥ ಮನೆಗಳ ಅಟ್ಟದ ಮೇಲೆ ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಪುಸ್ತಕಗಳು ಗಂಟುಕಟ್ಟಿ ಬಿದ್ದಿರುತ್ತವೆ. ಕೆಲವು ಕನ್ನಡದಲ್ಲಿ, ಕೆಲವು ಮೋಡಿ ಲಿಪಿಯಲ್ಲಿ. ಮೋಡಿ ಓದಬಲ್ಲವರು ಊರಿಗೆ ಒಬ್ಬಿಬ್ಬರು ಸಿಕ್ಕರೂ ಹೆಚ್ಚು. ಆ ವರ್ಷ ಶೇಂಗಾ ಯಾವ ದರಕ್ಕೆ ಹೋಯಿತು, ಯಾವ ಹಳ್ಳಿಯ ಯಾವ ಮನೆ ಬರಗಾಲದಲ್ಲಿ ಎಷ್ಟು ಸಾಲ ಒಯ್ದಿತು, ಯಾರ ಮದುವೆಗೆ ಅಂಗಡಿಯಿಂದ ಎಷ್ಟು ಖರ್ಚಾಯಿತು ಎಂಬುದೆಲ್ಲ ಅವುಗಳಲ್ಲಿದೆ. ಪ್ರತಿ ವರ್ಷ ದೀಪಾವಳಿಗೆ ಮುನ್ನ ಮನೆ ಸ್ವಚ್ಛ ಮಾಡುವಾಗ ಒಂದಷ್ಟು ಪುಸ್ತಕಗಳು ಕೆ.ಜಿ. ಲೆಕ್ಕದಲ್ಲಿ ರದ್ದಿಯವನ ತಕ್ಕಡಿ ಏರುತ್ತವೆ. ಈ ಸಲದ ರಜೆಯಲ್ಲಿ ಬಿ.ಕಾಂ. ವಿದ್ಯಾರ್ಥಿಗಳು ಅಂಥದೊಂದನ್ನು ಕೆಳಗಿಳಿಸಿ, ಅಜ್ಜನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದು ದಿನದ ರೋಜಕಿರ್ದಿಯನ್ನು ಓದಿಸಿ, ಅದರ ಶಿಲ್ಕನ್ನು ತಾವೇ ಕೂಡಿಸಿ ನೋಡಬಹುದು.